ಒಂದು ಅಗುಳು ಸಾಲದ ಆಟ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಚದುರಂಗ ಆಡುವ ತಂತ್ರಾಂಶಕ್ಕೆ, ಅಂದರೆ ಎಂಜಿನ್ನಿಗೆ, ಈ ಮಾತು ಒಪ್ಪದು. ತಿದ್ದಿದ ಎಂಜಿನ್ ಒಂದು ಆಟದಲ್ಲಿ ಆನೆಯನ್ನೇ ಬಲಿಕೊಟ್ಟು ಬೆರಗಾಗುವಂತೆ ಗೆದ್ದರೂ, ಅದು ಮೊದಲಿಗಿಂತ ಬಲವಾಗಿದೆ ಎನ್ನಲು ಬರುವುದಿಲ್ಲ. ನನ್ನನ್ನು ಎಂಜಿನ್ ಪರೀಕ್ಷಿಸುವ ಈ ಹವ್ಯಾಸಕ್ಕೆ ಕಟ್ಟಿಹಾಕಿರುವುದು ಆ ಶಿಸ್ತೇ: ಕಣ್ಣಿಗೆ ಚೆಂದ ಕಂಡದ್ದನ್ನೂ ಪರೀಕ್ಷಿಸದೆ ನಂಬಬಾರದೆಂಬ ಹಟ. ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ಗೋಕಾಕ ಜಲಪಾತದ ಹತ್ತಿರದ ಕೊಣ್ಣೂರಿನಲ್ಲಿ ಕೂತವರಿಗೂ ಒಂದು ಸಾಧಾರಣ ಕಂಪ್ಯೂಟರ್ ಮತ್ತು ಫೇರಿ-ಸ್ಟಾಕ್‌ಫಿಶ್ ಸಾಕು. ಸ್ಟಾಕ್‌ಫಿಶ್ ಎಂಬ ಚದುರಂಗದ ಎಂಜಿನ್ನಿನಿಂದ ಕವಲೊಡೆದ ಈ ಉಚಿತ ತಂತ್ರಾಂಶ ಜಪಾನಿನ ಶೋಗಿ, ಥಾಯ್ಲೆಂಡಿನ ಮಕ್ರುಕ್ ಮುಂತಾದ ಹಲವು ಆಟಗಳನ್ನು ಬಲ್ಲದು. ಹೊಸ ನಿಯಮಗಳನ್ನು ಒಂದು ಕಡತದಲ್ಲಿ ಬರೆದುಕೊಟ್ಟರೆ ಅವನ್ನೂ ಆಡುತ್ತದೆ.

ಮೊದಲ ಪರೀಕ್ಷೆ ನಿಯಮದ್ದು. ನಮ್ಮ ದೇಶದ ಹಳೆಯ ಚದುರಂಗವನ್ನು ಎಂಜಿನ್ನಿಗೆ ಕಲಿಸುತ್ತೇವೆ ಎನ್ನಿ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಚೆಕ್ ಬೀಳದಿದ್ದರೆ ರಾಜನಿಗೆ ಒಮ್ಮೆ ಕುದುರೆಯಂತೆ ಜಿಗಿಯುವ ಅವಕಾಶವೂ ಇತ್ತು. ಈಗಿನ ಚದುರಂಗದಲ್ಲಿ ಬಿಳಿಯವರಿಗೆ ಮೊದಲ ನಡೆಗೆ 20 ದಾರಿ, ಕರಿಯವರ ಉತ್ತರವೂ ಸೇರಿದರೆ 400. ಕಾಲಾಳಿನ ಜೋಡಿ ಹೆಜ್ಜೆ ತೆಗೆದರೆ ಎಂಟು ಕಾಲಾಳು ನಡೆ, ನಾಲ್ಕು ಕುದುರೆ ನಡೆ ಉಳಿದು 12 ಮತ್ತು 144 ಆಗಬೇಕು. ರಾಜನ ಎರಡು ಜಿಗಿತ ಸೇರಿಸಿದರೆ 14 ಮತ್ತು 196. ಎಂಜಿನ್ ಬೇರೆ ಸಂಖ್ಯೆ ತೋರಿಸಿದರೆ ನಿಯಮ ಬರೆದದ್ದರಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಇಷ್ಟು ಪ್ರಾಮಾಣಿಕವಾಗಿ ತಪ್ಪು ತೋರಿಸಿಕೊಡುವ ಗುರು ಅಪರೂಪ.

ಬಲದ ಪರೀಕ್ಷೆ ಇಷ್ಟು ಸರಳವಲ್ಲ. ಡ್ರಾ ಇಲ್ಲದ ಆಟದಲ್ಲಿ ಸಮಬಲದ ಎರಡು ಎಂಜಿನ್‌ಗಳು 100 ಸಲ ಸೆಣಸಿದರೆ, ಅವುಗಳಲ್ಲಿ ತಿದ್ದಿದ ಎಂಜಿನ್ ಬರೀ ಅದೃಷ್ಟದಿಂದ 55 ಅಥವಾ ಅದಕ್ಕೂ ಹೆಚ್ಚು ಗೆಲ್ಲುವ ಸಂಭವ ಸುಮಾರು ನೂರಕ್ಕೆ 18. 1000 ಆಟ ಆಡಿಸಿದರೂ ಬಲ ಅಳೆಯುವ ರೇಟಿಂಗ್‌ನಲ್ಲಿ ಇಪ್ಪತ್ತರಷ್ಟು ಅಂಕ ಅತ್ತಿತ್ತ ಆಗಬಹುದು. ಆದ್ದರಿಂದ ಬೇರೆ ಬೇರೆ ಆರಂಭಗಳಿಂದ ಆಟ ಶುರುಮಾಡಿಸಬೇಕು; ಪ್ರತಿ ಆರಂಭವನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಬೇಕು. ಎಷ್ಟಕ್ಕೆ ನಿಲ್ಲಿಸಬೇಕೆಂಬುದಕ್ಕೆ 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ರೂಪಿಸಿದ ವಿಧಾನವಿದೆ: ಪುರಾವೆ ಸಾಕಷ್ಟು ಒಂದು ಕಡೆ ವಾಲುವವರೆಗೆ ಆಡಿಸುತ್ತಲೇ ಹೋಗುವುದು. ಸ್ಟಾಕ್‌ಫಿಶ್‌ಗಾಗಿ 2013ರಲ್ಲಿ ಶುರುವಾದ ಫಿಶ್‌ಟೆಸ್ಟ್ ಎಂಬ ಪರೀಕ್ಷಾ ವ್ಯವಸ್ಥೆ ನಡೆಯುವುದೂ ಹೀಗೇ. ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಅದಕ್ಕೆ ಬಿಟ್ಟುಕೊಡುತ್ತಾರೆ.

ಹೀಗೆ ಎಲ್ಲವನ್ನೂ ಎಣಿಕೆಗೆ ಇಳಿಸಿದರೆ ಆಟದ ಸೊಬಗು ಉಳಿದೀತೇ ಎಂದು ಕೇಳಬಹುದು. ಉಳಿಯುತ್ತದೆ. ಕೌತುಕ ಹುಟ್ಟಿಸುವ ನಡೆಯೇ ಹೊಸ ಊಹೆಗೆ ದಾರಿ; ಎಣಿಕೆ ಆ ಊಹೆಯನ್ನು ಗಟ್ಟಿ ಮಾಡುತ್ತದೆ, ಇಲ್ಲವೆ ಕೈಬಿಡಿಸುತ್ತದೆ. ತನ್ನದೇ ಹಳೆಯ ರೂಪವನ್ನು ಸೋಲಿಸಿದ ಎಂಜಿನ್ ಬೇರೆಯವರ ಎದುರು ಗೆಲ್ಲಲೇಬೇಕೆಂದಿಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಅದು ನಿಜ. ಅದಕ್ಕೇ ಎದುರಾಳಿಯನ್ನೂ ಯೋಚನೆಯ ಅವಧಿಯನ್ನೂ ಬದಲಿಸಿ ಮತ್ತೆ ಪರೀಕ್ಷಿಸಬೇಕು. ಅಂದರೆ ಈ ಆಕ್ಷೇಪ ಇನ್ನಷ್ಟು ಪರೀಕ್ಷೆಯನ್ನೇ ಕೇಳುತ್ತದೆ.

ಕೆಲವರಷ್ಟೇ ಆಡುವ ಆಟಗಳಿಗೆ ಇಷ್ಟು ಶ್ರಮ ಏಕೆ ಎನ್ನುವವರಿಗೆ ಶೋಗಿಯೇ ಉತ್ತರ. ಒಂದು ಕಾಯಿ ಸರಿದಾಗ ಬದಲಾದಷ್ಟನ್ನೇ ಮರುಲೆಕ್ಕ ಹಾಕಿ, ಸಾಧಾರಣ ಕಂಪ್ಯೂಟರಿನಲ್ಲೂ ಚುರುಕಾಗಿ ಓಡುವ ನರಜಾಲವನ್ನು (ನ್ಯೂರಲ್ ನೆಟ್‌ವರ್ಕ್) ಪ್ರೋಗ್ರಾಮರ್ ಯು ನಾಸು 2018ರಲ್ಲಿ ರೂಪಿಸಿದ್ದು ಶೋಗಿಗಾಗಿ. 2020ರ ಸ್ಟಾಕ್‌ಫಿಶ್ 12ರಲ್ಲಿ ಅದೇ ತಂತ್ರ ಚದುರಂಗಕ್ಕೂ ಬಂದು ಎಂಜಿನ್ನಿನ ಬಲವನ್ನು ಒಮ್ಮೆಗೇ ಏರಿಸಿತು. ನಮ್ಮಲ್ಲೂ ಹೊಸ ಆಟ ಕಟ್ಟುವ ಪರಂಪರೆ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆ ನಡೆಯ ಬಂಧಗಳನ್ನು ರಚಿಸಿದರು, ಹೊಸ ಹಾಸುಗಳನ್ನು ರೂಪಿಸಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಅವರಿಗೆ ಸಿಗದಿದ್ದ ಸಾಧನವೊಂದು ಇಂದು ನಮ್ಮ ಕೈಯಲ್ಲಿದೆ. ಹೊಸ ನಿಯಮದಿಂದ ಮೊದಲು ನಡೆಸುವವರಿಗೆ ಅತಿಯಾದ ಲಾಭವಾಗುತ್ತದೆಯೇ ಎಂಬುದನ್ನು ಸಾವಿರಾರು ಆಟಗಳಿಂದ ಅಳೆಯಬಹುದು. ಆದರೆ ಆ ಅಳತೆಗೋಲು ನೆಟ್ಟಗಿದ್ದರೆ ತಾನೇ ಅಳತೆಗೆ ಬೆಲೆ? ಎಂಜಿನ್ ಪರೀಕ್ಷಿಸುವವರ ಕೆಲಸ ಆ ಅಳತೆಗೋಲನ್ನು ನೆಟ್ಟಗಿಡುವುದು. ಹೊಸ ಆಟ ಕಟ್ಟುವ ಪ್ರತಿಯೊಬ್ಬರಿಗೂ ಅದು ಬೇಕಾಗುತ್ತದೆ.