ಅಮ್ಮನ ಪಾಸ್ ಪುಸ್ತಕ

ನಮ್ಮ ಕಡೆ ಹೆಂಗಸರ ಉಳಿತಾಯಕ್ಕೆ ಲೆಕ್ಕ ಬರೆದಿಟ್ಟವರು ಕಡಿಮೆ. ಸಾಸಿವೆ ಡಬ್ಬಿ, ಅಕ್ಕಿ ಡಬ್ಬದ ತಳ, ಸೀರೆಯ ಮಡಿಕೆ ಇವೇ ಅವರ ಬ್ಯಾಂಕು. ಹಾಕಿದ್ದು, ತೆಗೆದದ್ದು ಎಲ್ಲ ಅವರ ಮನಸ್ಸಿನಲ್ಲೇ. ಹೀಗಿರುವಾಗ ಅಜ್ಜಂಪುರದ ಮನೆಯ ಅಟ್ಟ ಖಾಲಿ ಮಾಡುವಾಗ ಅಮ್ಮನ ಟ್ರಂಕಿನಲ್ಲಿ ಅಂಚೆ ಕಚೇರಿಯ ಮೂರು ಪಾಸ್ ಪುಸ್ತಕಗಳು ಸಿಕ್ಕಿದವು. ಹೊಲಿಗೆ ದಾರದಿಂದ ಒಟ್ಟಿಗೆ ಕಟ್ಟಿದ್ದರು. ಅತ್ತಿಗೆ ಆಗಲೇ ಅವನ್ನು ರದ್ದಿ ಕಾಗದದ ರಾಶಿಗೆ ಹಾಕಿದ್ದರು.

ಮೊದಲನೆಯದು 1956ರದು, ಅಮ್ಮ ಮದುವೆಯಾಗಿ ಬಂದ ವರ್ಷ. ಒಂದು ರೂಪಾಯಿ ನಾಲ್ಕಾಣೆ, ಎರಡು ರೂಪಾಯಿ ಎರಡಾಣೆ... ಎಮ್ಮೆ ಹಾಲಿನ ದುಡ್ಡಿರಬೇಕು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತಲ್ಲ, ಅಲ್ಲಿಂದ ಆಣೆ ಹೋಗಿ ಪೈಸೆ ಶುರು. ನಾಲ್ಕಾಣೆಗೆ 25 ಪೈಸೆ ಸರಿಯೇ. ಎರಡಾಣೆಗೆ ಹನ್ನೆರಡೂವರೆ ಆಗಬೇಕು, ಸರ್ಕಾರದ ಪಟ್ಟಿಯಲ್ಲಿ 12. ಆ ಅರ್ಧ ಪೈಸೆಗೆ ಎಷ್ಟು ಹೆಂಗಸರು ಗೊಣಗಿದರೋ!

ಇಂಥ ಲೆಕ್ಕವನ್ನು ಜೋಪಾನ ಮಾಡಿದವರೂ ಇದ್ದಾರೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಬ್ಯಾಂಕು ತೆರೆದ ಮೊದಲ ದಿನ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ಆ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೂ ಎರಡು ಪೈ ಸಮೇತ ಆ ಲೆಕ್ಕ ಉಳಿದಿದೆ. ಅದೇ ಉಡುಪಿಯ ಇನ್ನೊಂದು ಬ್ಯಾಂಕು, ಮುಂದೆ ಸಿಂಡಿಕೇಟ್ ಎಂದು ಹೆಸರಾದದ್ದು, 1928ರಲ್ಲಿ ಮನೆ ಬಾಗಿಲಿಗೇ ಬಂದು ದಿನಕ್ಕೆರಡಾಣೆ ಪಿಗ್ಮಿ ಕಟ್ಟಿಸಿಕೊಂಡಿತು. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಆ ಕಾಲದ ಸರ್ಕಾರಿ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಸರ್ಕಾರ ತನ್ನ ಕಾಗದ ತಾನು ಕಾಪಾಡಿಕೊಳ್ಳುತ್ತದೆ. ಅಮ್ಮಂದಿರ ಕಾಗದ ಟ್ರಂಕಿನ ಪಾಲು.

ಮೂರನೆಯ ಪುಸ್ತಕದ ಕೊನೆಯ ಪುಟ ನೋಡಿ ನಾನು ಅಲ್ಲೇ ಕುಳಿತೆ. 1992ರ ಜುಲೈನಲ್ಲಿ, ಖಾತೆ ಉಳಿಯುವಷ್ಟು ಬಿಟ್ಟು, 1,850 ರೂಪಾಯಿ ಒಟ್ಟಿಗೆ ತೆಗೆದಿದ್ದರು. ನಾನು ಬಿ.ಎಡ್.ಗೆ ಸೇರಿದ ವಾರ ಅದು. ಅಪ್ಪ, "ಬಿ.ಎ. ಆಯ್ತಲ್ಲ, ಇನ್ನು ಗಂಡು ನೋಡೋಣ" ಅಂದಿದ್ದರು. ಆಗ ಕಡೂರಿನಿಂದ ಸೋದರಮಾವ ಬಂದು ಫೀಜಿನ ದುಡ್ಡನ್ನು ನನ್ನ ಕೈಗಿಟ್ಟರು. ಮಾವ ಇರುವವರೆಗೂ ಪ್ರತಿ ಯುಗಾದಿಗೆ ನಾನು ತರೀಕೆರೆಯಿಂದ ಹೋಗಿ ಕಾಲಿಗೆರಗಿ ಬರುತ್ತಿದ್ದೆ. "ನಾನೇನು ಮಾಡಿದೆನಮ್ಮಾ" ಎನ್ನುತ್ತಿದ್ದರು. ದೊಡ್ಡವರ ವಿನಯ ಎಂದುಕೊಂಡಿದ್ದೆ. ಅಮ್ಮ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದರು, ತುಟಿ ಬಿಚ್ಚಲಿಲ್ಲ. ಅಪ್ಪನ ಮಾತು ಮೀರಿದಂತೆ ಕಾಣಬಾರದೆಂದೇ, ಅಥವಾ ತನ್ನದೊಂದು ಪುಸ್ತಕವಿರುವುದು ಗೊತ್ತಾಗಬಾರದೆಂದೇ? ಈಗ ಕೇಳುವುದು ಯಾರನ್ನು?

ಮದುವೆಯಾದ ಹೆಂಗಸಿನ ಠೇವಣಿಯನ್ನು ಅವಳ ರಸೀದಿಯ ಮೇಲೆ ಅವಳಿಗೇ ಕೊಡಬಹುದೆಂದು ಸರ್ಕಾರಿ ಉಳಿತಾಯ ಬ್ಯಾಂಕಿನ 1873ರ ಕಾನೂನಿನಲ್ಲೇ ಇತ್ತು. ಅಮ್ಮನಿಗೆ ಕಾನೂನು ತಿಳಿದಿರಲಿಕ್ಕಿಲ್ಲ. ಕೌಂಟರಿನಲ್ಲಿ ತನ್ನ ರುಜು ನಡೆಯುತ್ತದೆ ಎನ್ನುವುದಂತೂ ತಿಳಿದಿತ್ತು.

ಖಾತೆಯಲ್ಲಿ ಉಳಿದ ಚೂರುಪಾರು ಹಣಕ್ಕೆ ಅರ್ಜಿ ಹಾಕೋಣ ಎನ್ನುತ್ತಾನೆ ಅಣ್ಣನ ಮಗ. ಅರ್ಜಿಯ ಜೊತೆ ಪಾಸ್ ಪುಸ್ತಕವನ್ನೂ ಒಪ್ಪಿಸಬೇಕಂತೆ. "ಆ ದುಡ್ಡು ನಾನು ಕೊಡ್ತೀನಿ, ಪುಸ್ತಕ ಮುಟ್ಟಬೇಡ" ಅಂದಿದ್ದೇನೆ. ಅವನಿನ್ನೂ ಒಪ್ಪಿಲ್ಲ.