ಹೊಳೆ ಬಲ್ಲವನು

ಮೂವತ್ತು ವರ್ಷ ಸೇತುವೆ ಕಟ್ಟಿಸುವ ಕೆಲಸದಲ್ಲಿದ್ದು ವಿಶ್ರಾಂತರಾದ ಗೃಹಸ್ಥರೊಬ್ಬರಿಗೆ 2007ನೆಯ ಇಸವಿಯ ಮಾಘಮಾಸದಲ್ಲಿ ಬಾಳೆಮೀನನ್ನು ಗಾಳದಿಂದ ಹಿಡಿಯಬೇಕೆಂಬ ಆಸೆ ಹುಟ್ಟಿತು. ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ ಮೇಕೆದಾಟಿನ ಕಡೆಗೆ ಸಾಗುವ ಕಾಡಿನ ನಡುವೆ ಆಗ ಗಾಳ ಹಾಕುವವರಿಗಾಗಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಬೀಡುಗಳಿದ್ದುವು. ಅಲ್ಲಿಯ ಕಟ್ಟಳೆ ಒಂದೇ: ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ಹೊಳೆಗೆ ಬಿಡತಕ್ಕದ್ದು. “ಹಿಡಿದು ಬಿಡುವುದಕ್ಕೆ ಅಷ್ಟು ದೂರ ಹೋಗಬೇಕೆ? ಹಿಡಿಯದೆ ಇದ್ದರೆ ಬಿಟ್ಟಂತೆಯೇ ಆಯಿತಲ್ಲ” ಎಂದು ಮನೆಯಾಕೆ ಕೇಳಿದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಆದರೂ ಹೊರಟರು.

ಆ ಬೀಡುಗಳಿಗೆ ದೇಶದೇಶಗಳಿಂದ ಬರುತ್ತಿದ್ದವರೆಲ್ಲ ಬಿಳಿಮೀನಿಗಾಗಿ ಬರುತ್ತಿದ್ದವರು. ರಾಗಿಹಿಟ್ಟಿನ ಉಂಡೆಯನ್ನು ಕೊಕ್ಕೆಗೆ ಮೆತ್ತಿ, ಬಂಡೆಗಳ ನಡುವಿನ ರಭಸದ ನೀರಿಗೆ ಎಸೆದು, ಹೊಂಬಣ್ಣದ ಆ ಮಹಾಮತ್ಸ್ಯ ಸೆಳೆಯುವ ಸೆಳೆತಕ್ಕೆ ಕಾಯುವುದು ರಾಜಯೋಗ್ಯವಾದ ಆಟವೆಂದು ಅವರ ಮತ. ಬಾಳೆಮೀನಿಗೆ ಅಂಥ ಕೀರ್ತಿಯಿಲ್ಲ. ಮೈಮೇಲೆ ಹುರುಪೆಯಿಲ್ಲ, ಬಾಯಿ ಕಣ್ಣಿನ ಹಿಂದಿನವರೆಗೆ ಸೀಳಿದೆ, ಉದ್ದನೆಯ ಮೀಸೆ, ಚಪ್ಪಟೆಯಾಗಿ ಬಾಲದ ಕಡೆಗೆ ಸಣ್ಣಗಾಗುವ ದೇಹ. ಇದರ ಹೊಟ್ಟೆಬಾಕತನವನ್ನು ಕಂಡ ಇಂಗ್ಲಿಷರು ಇದಕ್ಕೆ ಸಿಹಿನೀರಿನ ಶಾರ್ಕ್ ಎಂದು ಹೆಸರಿಟ್ಟರು. ಅವರಿಗಿಂತ ಬಹಳ ಹಿಂದೆಯೇ ಅಮರಸಿಂಹನು ತನ್ನ ಕೋಶದಲ್ಲಿ ‘ಪಾಠೀನ’ಕ್ಕೆ ‘ಸಹಸ್ರದಂಷ್ಟ್ರ’ವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಪಂಡಿತರು ಪಾಠೀನವೆಂದರೆ ಈ ಜಾತಿಯ ಮೀನೇ ಎನ್ನುತ್ತಾರೆ. ಇದರ ಬಾಯೊಳಗೆ ಒಮ್ಮೆ ಬೆರಳಿಟ್ಟವನಿಗೆ ಆ ಹೆಸರಿನ ಔಚಿತ್ಯವನ್ನು ವ್ಯಾಖ್ಯಾನಿಸಿ ಹೇಳಬೇಕಾದ್ದಿಲ್ಲ. ಸೂಜಿಯಂಥ ಸಣ್ಣ ಹಲ್ಲುಗಳು ಸಾಲುಸಾಲಾಗಿ ಒಳಮುಖವಾಗಿ ಬಾಗಿವೆ.

ಗೃಹಸ್ಥರಿಗೆ ಜೊತೆಗಾರನಾಗಿ ಸಿಕ್ಕಿದವನು ಐವತ್ತರ ಆಚೀಚಿನ ಕೃಶಾಂಗನಾದ ಮನುಷ್ಯ. ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಕೇಳುವುದು ಅವರ ಉದ್ಯೋಗದಿಂದ ಬಂದ ಅಭ್ಯಾಸ. ಎಷ್ಟು ವರ್ಷದಿಂದ ಈ ಕೆಲಸ, ಎಷ್ಟು ದೊಡ್ಡ ಬಾಳೆಯನ್ನು ಕಂಡಿದ್ದೀಯೆ ಎಂದೆಲ್ಲ ವಿಚಾರಿಸಿ ಕೊನೆಗೆ, “ಮೀನು ಸಿಕ್ಕೀತೇನಪ್ಪಾ?” ಎಂದರು.

“ಹೊಳೆ ತೋರುಸ್ತೀನಿ ಸಾಮಿ. ಮೀನೇನು ನನ್ನ ಕೊಟ್ಟಿಗೇಲಿ ಕಟ್ಟಿಲ್ಲ” ಎಂದ ಅವನು, ತಾನೂ ಮೂರು ಪ್ರಶ್ನೆ ಕೇಳಿದ. ಈಜು ಬರುತ್ತದೆಯೆ? ಹರಿಗೋಲಿನಲ್ಲಿ ಮಾತಿಲ್ಲದೆ ಕುಳಿತಿರಲು ಆದೀತೆ? ‘ಬುಡು’ ಎಂದಾಗ ದಾರ ಬಿಡುವಿರಾ? ಮೊದಲೆರಡಕ್ಕೆ ಗೃಹಸ್ಥರು ಆಲೋಚಿಸಿ ಉತ್ತರ ಕೊಟ್ಟರು. ಮೂರನೆಯದಕ್ಕೆ ಆಲೋಚಿಸದೆ ಹೂಂ ಎಂದರು.

ಮೊದಲನೆಯ ದಿನ ಮಧ್ಯಾಹ್ನದವರೆಗೆ ಗಾಳ ನೀರಿಗೆ ಬೀಳಲಿಲ್ಲ. ಹರಿಗೋಲು ಹೊಳೆಮತ್ತಿಯ ಮರಗಳ ನೆರಳಿನಲ್ಲಿ ಮೆಲ್ಲಗೆ ತೇಲುತ್ತಿತ್ತು. ಅವನು ಹುಟ್ಟನ್ನು ಮಡಿಲ ಮೇಲಿಟ್ಟುಕೊಂಡು ನೀರನ್ನು ನೋಡುತ್ತಿದ್ದ. ಇವರು ಗಡಿಯಾರವನ್ನು ನೋಡುತ್ತಿದ್ದರು. ಕೊಟ್ಟ ಹಣದಲ್ಲಿ ಅರ್ಧ ಕರಗಿಹೋಯಿತೆಂಬ ಲೆಕ್ಕ ಅವರನ್ನು ಕೊರೆಯುತ್ತಿತ್ತು. ಕಡೆಗೆ ತಡೆಯಲಾರದೆ, ಆ ಬಂಡೆಯ ಹಿಂದೆ ಸುಳಿಯಿದೆ, ಅಲ್ಲಿ ಎಸೆಯಬಾರದೇಕೆ ಎಂದರು. ಸೇತುವೆಯ ಕಂಬಗಳ ಸುತ್ತ ನೀರು ಹೇಗೆ ತಿರುಗುತ್ತದೆಂಬುದನ್ನು ಅವರು ಓದಿ ಬಲ್ಲವರು. ಅವನು ನಗಲಿಲ್ಲ. ಅದು ಬಿಳಿಮೀನಿನ ಮನೆ, ಬಾಳೆ ಓಡುವ ನೀರನ್ನು ಒಲ್ಲದು, ದಡದ ಕೆಳಗೆ ಬೇರು ಕೊರೆದ ಪೊಟರೆಯಲ್ಲಿ ಹಗಲೆಲ್ಲ ಮಲಗಿ ಸಂಜೆಗೆ ಏಳುತ್ತದೆ ಎಂದ. ಅದು ಎದ್ದುದು ತಿಳಿಯುವುದು ಹೇಗೆಂದರೆ, ದಡದಂಚಿನ ಸಣ್ಣ ಮೀನುಗಳು ಒಟ್ಟಿಗೆ ಮೇಲಕ್ಕೆ ಚಿಮ್ಮುತ್ತವೆ, ಹಿಡಿ ಅಕ್ಕಿ ಎರಚಿದ ಹಾಗೆ. ಅವನು ಬೆಳಗಿನಿಂದ ನೋಡುತ್ತಿದ್ದುದು ಆ ಸಣ್ಣ ಮೀನುಗಳನ್ನು.

ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣ ಒಂದುಂಟು. ಮೀನುಗಳ ಜಾತಿಭೇದ, ಯಾವ ಮೀನಿಗೆ ಯಾವ ಆಹಾರ, ಕೋಲು, ದಾರ, ಕೊಕ್ಕೆ ಇವೆಲ್ಲ ಅದರಲ್ಲಿ ಬಂದಿವೆ. ಗ್ರಂಥ ಅರಸನದು, ವಿನೋದವೂ ಅರಸನದು. ಆದರೆ ಇಂಥ ಮೀನು ಇಂಥದನ್ನು ತಿನ್ನುತ್ತದೆಂಬ ತಿಳಿವಳಿಕೆ ಸಿಂಹಾಸನದ ಮೇಲೆ ಕುಳಿತವನಿಗೆ ತಾನಾಗಿ ಬಂದೀತೆ? ನೀರಿನಲ್ಲಿ ನಿಂತವನೊಬ್ಬ ಹೇಳಿರಬೇಕು, ಲೇಖನಿ ಹಿಡಿದವನೊಬ್ಬ ಬರೆದುಕೊಂಡಿರಬೇಕು. ಹೇಳಿದವನ ಹೆಸರು ಉಳಿದಿಲ್ಲ.

ಈ ಜೊತೆಗಾರನ ವಿದ್ಯೆ ಎಲ್ಲಿಂದ ಬಂದದ್ದೆಂಬುದು ಮಧ್ಯಾಹ್ನದ ಊಟದ ಹೊತ್ತಿಗೆ ಹೊರಬಿತ್ತು. ಪ್ರಾಯದಲ್ಲಿ ಅವನು ಮಡುಗಳಿಗೆ ಸಿಡಿಮದ್ದಿನ ತೋಟೆ ಎಸೆಯುತ್ತಿದ್ದವನು. ಒಂದು ಸಿಡಿತಕ್ಕೆ ದೊಡ್ಡದು ಚಿಕ್ಕದು ಎನ್ನದೆ ಮೀನೆಲ್ಲ ಬೆನ್ನು ಕೆಳಗಾಗಿ ತೇಲುತ್ತಿತ್ತಂತೆ. “ತೇಲಿದ್ದು ನಮಗೆ ಸಾಮಿ, ಮುಳುಗಿದ್ದು ಅದಕ್ಕಿಂತ ಜಾಸ್ತಿ, ಅದು ಯಾರಿಗೂ ಇಲ್ಲ” ಎಂದ. ಯಾವ ಮಡು ಎಷ್ಟು ಆಳ, ಎಲ್ಲಿ ಬಾಳೆ, ಎಲ್ಲಿ ಬಿಳಿಮೀನು ಎಂಬುದನ್ನು ಅವನು ಕಲಿತದ್ದು ಹೀಗೆ, ಹೊಳೆಯನ್ನು ಒಡೆದು. ಬೀಡುಗಳು ಬಂದ ಮೇಲೆ ಅವನಂಥ ಕೆಲವರನ್ನೇ ಕರೆದು ಕಾವಲಿಗೂ ಜೊತೆಗೂ ಇಟ್ಟುಕೊಂಡರು. ಕಳ್ಳನ ಕೈಗೆ ಬೀಗ ಕೊಟ್ಟಂತಾಯಿತೆಂದು ಆಡಿಕೊಂಡವರೂ ಇದ್ದರು. ಆದರೆ ಬದುಕಿದ ಮೀನಿಗೆ ಕೂಲಿ ಸಿಗುವಂತಾದ ಮೇಲೆ ಅವನು ಮತ್ತೆ ತೋಟೆ ಮುಟ್ಟಲಿಲ್ಲ. ಮುಟ್ಟುವವರ ಸದ್ದು ಕೇಳಿದರೆ ಇರುಳಿನಲ್ಲಿಯೂ ಎದ್ದು ಓಡುತ್ತಿದ್ದ.

ಸಂಜೆ ಸಣ್ಣ ಮೀನುಗಳು ಚಿಮ್ಮಿದುವು. ಎರೆಮೀನನ್ನು ತೊಡಿಸಿದ ಕೊಕ್ಕೆ ಮತ್ತಿಯ ಬೇರಿನ ಬಳಿ ಸದ್ದಿಲ್ಲದೆ ಇಳಿಯಿತು. ಕಾಲು ಗಂಟೆಯೂ ಕಳೆದಿರಲಿಕ್ಕಿಲ್ಲ, ದಾರ ಮೆಲ್ಲನೆ, ಯಾರೋ ಸೆರಗು ಹಿಡಿದು ಎಳೆದಂತೆ, ಓರೆಯಾಗಿ ಸರಿಯಿತು. ಅನಂತರ ರಾಟೆ ಕಿರುಚಿತು. ಮೀನು ನಡುಹೊಳೆಗೆ ಓಡಿ ತಿರುಗಿ ಬೇರುಗಳ ಕಡೆಗೆ ನುಗ್ಗಿತು. “ಬುಡಿ ಸಾಮಿ, ದಾರ ಬುಡಿ” ಎಂದ ಜೊತೆಗಾರ. ಸಡಿಲಬಿಟ್ಟರೆ ಅದು ತಾನಾಗಿ ಹೊರಕ್ಕೆ ತಿರುಗೀತೆಂಬುದು ಅವನ ಎಣಿಕೆ. ಗೃಹಸ್ಥರು ಬಿಡಲಿಲ್ಲ. ಮೂವತ್ತು ವರ್ಷ ಬಿಗಿಯಾಗಿ ಹಿಡಿದೇ ಕೆಲಸ ಸಾಧಿಸಿದ ಕೈ ಅದು. ಕೋಲು ಬಿಲ್ಲಿನಂತೆ ಬಾಗಿತು, ದಾರ ತುಂಡಾಯಿತು.

ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ತಮಗೆ ಮೀನು ತಪ್ಪಿದ್ದಕ್ಕೆ ಅವನು ಸಮಾಧಾನ ಹೇಳುವನೆಂದು ಗೃಹಸ್ಥರು ಕಾದಿದ್ದರು. ಅವನು ನೀರಿನ ಕಡೆಯೇ ನೋಡುತ್ತ, “ಬಾಯಲ್ಲಿ ಕೊಕ್ಕೆ ಮಡಿಕ್ಕಂಡು ಅದೆಂಗೆ ಉಣ್ತದೋ” ಎಂದ. ಆ ರಾತ್ರಿ ಕೊಡಹೋದ ಇನಾಮನ್ನು ಅವನು ತೆಗೆದುಕೊಳ್ಳಲಿಲ್ಲ. ಮರುದಿನ ನಸುಕಿನಲ್ಲಿ ಮೊಳದುದ್ದದ ಬಾಳೆಯೊಂದು ಸಿಕ್ಕಿತು. ಅದನ್ನು ನೀರಿನಿಂದ ಮೇಲೆತ್ತದೆ, ಒದ್ದೆ ಬಟ್ಟೆಯಲ್ಲಿ ಹಿಡಿದು, ಇಕ್ಕಳದಿಂದ ಕೊಕ್ಕೆ ಬಿಡಿಸಿ, ಅದರ ಕಿವಿರು ನೆಟ್ಟಗೆ ಆಡುವವರೆಗೆ ತಲೆಯನ್ನು ಹೊಳೆಯ ಹರಿವಿಗೆ ಎದುರಾಗಿ ಹಿಡಿದಿದ್ದು, ಅವನು ಕೈ ತೆರೆದ. ಮನೆಯಾಕೆಯ ಪ್ರಶ್ನೆಗೆ ಉತ್ತರ ಅಲ್ಲೆಲ್ಲೋ ಇದೆಯೆಂದು ಗೃಹಸ್ಥರಿಗೆ ತೋರಿತು. ಬಾಯಿಬಿಟ್ಟು ಹೇಳುವಂತೆ ತೋರಲಿಲ್ಲ.

ಆ ಪ್ರದೇಶವು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥ ಪ್ರಬಲವಾಗಿ, 2012ರ ಹೊತ್ತಿಗೆ ಅಲ್ಲಿಯ ಗಾಳದಾಟ ನಿಂತಿತು. ಧಾಮವೆಂದ ಮೇಲೆ ಮೀನಿಗೂ ಅಭಯವಿರಬೇಕೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಗಾಳದೊಂದಿಗೆ ಕಾವಲಿನ ಕಣ್ಣುಗಳೂ ಹೋದುವೆಂಬುದನ್ನು ಆ ಅರ್ಥ ಮಾಡಿದವರು ಎಣಿಸಿದಂತೆ ಕಾಣುವುದಿಲ್ಲ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಬಿಳಿಮೀನುಗಳ ಲೆಕ್ಕವನ್ನು ಮುಂದೆ ವಿಜ್ಞಾನಿಗಳು ಪರಿಶೀಲಿಸಿದರು. ಸಂಖ್ಯೆ ವರ್ಷವರ್ಷಕ್ಕೂ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಬಿಳಿಮೀನು ಹಬ್ಬಿ, ಕಾವೇರಿಗೆ ಸಹಜವಾದ ಗೂನುಬೆನ್ನಿನ ಜಾತಿ ಕಾಣೆಯಾಗುತ್ತಿದ್ದುದು ಆ ಪುಸ್ತಕಗಳಿಂದಲೇ ಬಯಲಾಯಿತು. 2018ರಲ್ಲಿ ಆ ಜಾತಿಗೆ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರನಾಮವೂ ನಿರ್ಣಯವಾಯಿತು, ಅಳಿವಿನಂಚಿನ ಪಟ್ಟಿಯಲ್ಲಿ ಜಾಗವೂ ದೊರೆಯಿತು. ಬದುಕಿನ ಕೊನೆಗೆ ನಾಮಕರಣ! ಇಷ್ಟಾದರೂ ಅದು ಬಿಳಿಮೀನಿನ ಲೆಕ್ಕ. ಬಾಳೆಗೆ ಅಂಥ ಲೆಕ್ಕವೊಂದು ಪ್ರಕಟವಾಗಲಿಲ್ಲ.

2019ರಲ್ಲಿ ಗೃಹಸ್ಥರು ಮುತ್ತತ್ತಿಗೆ ದೇವರ ದರ್ಶನಕ್ಕೆ ಹೋದವರು ವಿಚಾರಿಸಿಕೊಂಡು ಅವನ ಊರಿಗೂ ಹೋದರು. ಅವನು ಮಗನ ರಾಗಿ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಹೊಳೆಯ ಕಡೆಯಿಂದ ಕೆಲವು ಇರುಳು ತೋಟೆಯ ಸದ್ದು ಕೇಳಿಸುತ್ತದೆ, ಈಗ ಓಡಿಹೋಗಲು ಕಾಲಿಲ್ಲ, ಹೋಗು ಎನ್ನುವವರೂ ಇಲ್ಲ ಎಂದ. ಇಬ್ಬರೂ ಹೊಲದ ಬದುವಿನ ಮೇಲೆ ಕುಳಿತರು. ಗೃಹಸ್ಥರು ಚೀಲದಿಂದ ನೋಟುಪುಸ್ತಕವೊಂದನ್ನು ತೆಗೆದು, ಬಾಳೆ ಇದ್ದ ಮಡುಗಳನ್ನೆಲ್ಲ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಹೇಳೆಂದರು. ಎರಡು ದಿನದ ಕೂಲಿಯನ್ನು ಮುಂಗಡವಾಗಿ ಅವನ ಕೈಗಿಟ್ಟರು. ಈ ಸಲ ಅವನು ತೆಗೆದುಕೊಂಡ. ಕಣ್ಣು ಮುಚ್ಚಿಕೊಂಡು, ಹರಿಗೋಲಿನಲ್ಲಿ ಕುಳಿತವನಂತೆ ಹೇಳತೊಡಗಿದ. ಮಡುವಿನ ಹೆಸರು, ದಡದ ಗುರುತು, ಕಂಡ ವರ್ಷ, ಎಷ್ಟು ಮೊಳ. ಮತ್ತಿಯ ಬೇರಿನ ಮಡು ಬಂದಾಗ ಗೃಹಸ್ಥರು ಒಂದು ಬಾಳೆ ಎಂದು ಬರೆದು ಮುಂದಕ್ಕೆ ಹೋಗಲಿದ್ದರು.

“ಎಲ್ಡು ಸಾಮಿ” ಎಂದ ಅವನು. “ಕೊಕ್ಕೆ ತಕ್ಕೊಂಡು ಹೋದದ್ದನ್ನೂ ಬರ್ಕಳಿ.”