ನಾಲ್ಕರಲ್ಲಿ ಒಂದು ಅಂಕ

ಹಾಕಿ ನೋಡಲು ಹಿಮದಲ್ಲಿ ಮುನ್ನೂರು ಕಿಲೋಮೀಟರ್ ಹೋಗಿದ್ದೆ ಎಂದರೆ ಪುಣೆಯ ಗೆಳೆಯರು ಮೊದಲು ಕೇಳುವುದು "ಗೆದ್ರಾ?" ಎಂದು. ಇಲ್ಲ. ಒಂದು ಪಂದ್ಯ ಸೋತೆವು, ಇನ್ನೊಂದು ಸಮವಾಯಿತು. ಎರಡನ್ನೂ ಗೆದ್ದಿದ್ದರೆ ನಾಲ್ಕು ಅಂಕ ಸಿಗುತ್ತಿತ್ತು. ಒಂದೇ ಅಂಕ ಹೊತ್ತುಕೊಂಡು ಬಂದೆವು. ಹಾಗೆ ನೋಡಿದರೆ ಇಲ್ಲಿ 'ನಾವು' ಎನ್ನುವ ಮಾತಿಗೂ ವಿವರಣೆ ಬೇಕು. ಐಸ್ ಮೇಲೆ ನಾನು ನಿಂತದ್ದು ಎರಡೇ ಸಲ, ಎರಡು ಸಲವೂ ಗೋಡೆ ಹಿಡಿದುಕೊಂಡು.

ಅಮೆರಿಕದ ಕಾಲೇಜು ಐಸ್ ಹಾಕಿಯ ಲೆಕ್ಕ ಹೀಗಿದೆ. ನಾನು ಓದುತ್ತಿದ್ದ ಕಾರ್ನೆಲ್ ವಿಶ್ವವಿದ್ಯಾಲಯ ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನಲ್ಲಿದೆ. ಅದರ ತಂಡ ಆಡುವುದು ಇಸಿಎಸಿ ಎಂಬ ಕೂಟದಲ್ಲಿ. ಕೂಟದಲ್ಲಿ 12 ತಂಡಗಳು. ಪ್ರತಿಯೊಂದರ ಜೊತೆಗೂ ನಮ್ಮಲ್ಲಿ ಒಂದು, ಅವರಲ್ಲಿ ಒಂದು ಎಂದು ಒಟ್ಟು 22 ಪಂದ್ಯ. ಹುಡುಗರು ತರಗತಿಗೂ ಹೋಗಬೇಕಲ್ಲ, ಅದಕ್ಕೆ ಪಂದ್ಯಗಳು ಹೆಚ್ಚಾಗಿ ಶುಕ್ರವಾರ ಮತ್ತು ಶನಿವಾರ ರಾತ್ರಿ. ಓಡಾಟ ಉಳಿಸಲು ಎರಡೆರಡು ತಂಡಗಳನ್ನು ಜೋಡಿ ಮಾಡಿದ್ದಾರೆ. ಕಾರ್ನೆಲ್‌ಗೆ ಕೋಲ್ಗೇಟ್ ಜೋಡಿ (ಹೌದು, ಟೂತ್‌ಪೇಸ್ಟಿನ ಮನೆತನದ ಹೆಸರೇ). ಉತ್ತರದ ತುದಿಯಲ್ಲಿರುವ ಸೇಂಟ್ ಲಾರೆನ್ಸ್‌ಗೆ ಕ್ಲಾರ್ಕ್ಸನ್ ಜೋಡಿ. ನಮ್ಮ ಜೋಡಿ ಅವರ ಕಡೆ ಹೋದಾಗ ಶುಕ್ರವಾರ ಒಬ್ಬರ ಮೇಲೆ ಆಡಿ, ಶನಿವಾರ ಎದುರಾಳಿಗಳನ್ನು ಅದಲು ಬದಲು ಮಾಡಿಕೊಳ್ಳುವುದು. ಅಭಿಮಾನಿಗಳಿಗೂ ಅದೇ ದಾರಿ, ಅದೇ ಎರಡು ರಾತ್ರಿ.

ನನಗೆ ಈ ಹುಚ್ಚು ಹತ್ತಿದ್ದಕ್ಕೆ ಒಂದು ಹಿನ್ನೆಲೆಯಿದೆ. ನಾನು ಬೆಳೆದದ್ದು ವಿರಾಜಪೇಟೆಯಲ್ಲಿ. ಕೊಡಗಿನಲ್ಲಿ 1997ರಿಂದ ನಡೆದುಬಂದಿರುವ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮನೆತನವೇ ತಂಡ. ಅಜ್ಜ, ಮೊಮ್ಮಗ, ಮಗಳು ಎಲ್ಲರೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. ನಮ್ಮಪ್ಪ ಹಾಸನದ ಕಡೆಯವರು. ಮಾಸ್ತರಿಕೆಗೆಂದು ಬಂದು ಅಲ್ಲೇ ಉಳಿದವರು. ಬೇಸಿಗೆ ರಜೆಯಲ್ಲಿ ಪಂದ್ಯ ನೋಡಲು ಹೋದರೆ ಪಕ್ಕದಲ್ಲಿ ಕೂತವರು ಕೇಳುತ್ತಿದ್ದರು, "ನೀನು ಯಾವ ಮನೆ?" ಎಂದು. "ಮಾಸ್ತರ ಮನೆ" ಎಂದರೆ ನಗುತ್ತಿದ್ದರು, ಪ್ರೀತಿಯಿಂದಲೇ. ಕಿತ್ತಳೆ ಸುಲಿದು ಅರ್ಧ ಕೊಡುತ್ತಿದ್ದರು. ಆದರೆ ಮಾಸ್ತರ ಮನೆಗೆ ತಂಡವಿರಲಿಲ್ಲ. ಒಂದು ವರ್ಷ ಎದುರುಮನೆಯವರ ತಂಡಕ್ಕೆ ಕೂಗಿದೆ, ಮರುವರ್ಷ ನನ್ನ ಬೆಂಚಿನ ಗೆಳೆಯನ ತಂಡಕ್ಕೆ. ಗಂಟಲು ನೋಯುತ್ತಿತ್ತು, ಸೋತರೆ ಹೊಟ್ಟೆ ಉರಿಯುತ್ತಿರಲಿಲ್ಲ.

ಹೊಟ್ಟೆ ಉರಿದದ್ದು ಇಥಾಕಾದಲ್ಲಿ. ಅಲ್ಲಿನ ಲೈನಾ ರಿಂಕ್‌ನಲ್ಲಿ ನಾಲ್ಕು ಸಾವಿರ ಚಿಲ್ಲರೆ ಜನ ಕೂರುತ್ತಾರೆ, ಕೂರುತ್ತಾರೆ ಎನ್ನುವುದಕ್ಕಿಂತ ನಿಲ್ಲುತ್ತಾರೆ. ಎದುರಾಳಿಗಳ ಹೆಸರು ಕರೆಯುವಾಗ ಎಲ್ಲರೂ ದಿನಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು, ಬೇಸರ ಬಂದವರಂತೆ ಓದುತ್ತಾರೆ. ಎದುರಾಳಿ ಗೋಲಿಗೆ ಅಲ್ಲಿಯ ಬೈಗುಳ 'ಜರಡಿ'. ಬಂದದ್ದನ್ನೆಲ್ಲ ಒಳಗೆ ಬಿಡುತ್ತಾನೆ ಎಂಬ ಅರ್ಥ. ಅಮ್ಮ ರಾಗಿಹಿಟ್ಟು ಜರಡಿ ಹಿಡಿಯುವುದನ್ನು ನೋಡಿ ಬೆಳೆದ ನನಗೆ ಇಷ್ಟು ಸಭ್ಯ ಬೈಗುಳ ತುಂಬ ಹಿಡಿಸಿತು. ನಿಯಮ ಕಲಿಯಲು ಎರಡು ವಾರ ಸಾಕಾಯಿತು. ಗೋಲಿ ಸೇರಿ ಆರು ಜನ, 20 ನಿಮಿಷದ ಮೂರು ಅವಧಿ, ನಡುವೆ ಅಂಗೈಯಗಲದ ರಬ್ಬರ್ ಬಿಲ್ಲೆ. ಒಬ್ಬೊಬ್ಬ ಆಟಗಾರ ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಓಡಿ ಬೆಂಚಿಗೆ ಬಂದು ಬೀಳುತ್ತಾನೆ, ಇನ್ನೊಬ್ಬ ಗೋಡೆ ಹಾರಿ ಇಳಿಯುತ್ತಾನೆ. ಆಟ ನಿಲ್ಲುವುದೇ ಇಲ್ಲ.

ನನ್ನ ಮುಂದಿನ ಸಾಲಿನಲ್ಲಿ ಊರಿನ ದಂಪತಿಗಳು ಕೂರುತ್ತಿದ್ದರು. ಅವರು ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿ ನಿವೃತ್ತರು, ಆಕೆ ಗ್ರಂಥಪಾಲಕಿ. ನಾನು ಅಲ್ಲಿದ್ದ ಎರಡನೆಯ ಚಳಿಗಾಲದಲ್ಲಿ ಒಂದು ದಿನ ಆಕೆ ತಿರುಗಿ, ಮುಂದಿನ ವಾರ ಉತ್ತರಕ್ಕೆ ಹೋಗುತ್ತಿದ್ದೇವೆ, ಹಿಂದಿನ ಸೀಟು ಖಾಲಿಯಿದೆ, ಬರುತ್ತೀಯಾ ಎಂದರು. ನಾನು ಯಾವ ಮನೆ ಎಂದು ಕೇಳಲಿಲ್ಲ. ದಪ್ಪ ಕಾಲುಚೀಲ ಇದೆಯೇ ಎಂದು ಕೇಳಿದರು.

ಇಥಾಕಾದಿಂದ ಕ್ಯಾಂಟನ್ನಿಗೆ ಸುಮಾರು 300 ಕಿಲೋಮೀಟರ್, ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋದಷ್ಟು. ಕಾರ್ಟ್‌ಲ್ಯಾಂಡ್‌ನಲ್ಲಿ 81ನೇ ಹೆದ್ದಾರಿ ಹಿಡಿದು ಸಿರಕ್ಯೂಸ್ ದಾಟುವವರೆಗೆ ಆಕಾಶ ತಿಳಿಯಾಗಿತ್ತು. ಅಲ್ಲಿಂದ ಮುಂದೆ ಎಡಕ್ಕೆ ಒಂಟಾರಿಯೋ ಸರೋವರ, ಬಲಕ್ಕೆ ಟಗ್ ಹಿಲ್ ಎಂಬ ಎತ್ತರದ ನೆಲ. ಸರೋವರದ ಮೇಲೆ ಬೀಸಿ ಬರುವ ಶೀತಗಾಳಿ ನೀರಿನ ಪಸೆ ಹೀರಿಕೊಂಡು, ನೆಲ ಏರುವಾಗ ಅದನ್ನೆಲ್ಲ ಹಿಮವಾಗಿ ಸುರಿಯುತ್ತದೆ. ಅರಬ್ಬೀ ಸಮುದ್ರದ ಮೋಡ ಘಟ್ಟಕ್ಕೆ ಬಂದು ಆಗುಂಬೆಯಲ್ಲಿ ಮಳೆಯಾಗುವ ಹಾಗೆಯೇ. ಹತ್ತು ನಿಮಿಷದಲ್ಲಿ ಬಿಸಿಲು ಮಾಯವಾಗಿ ಮುಂದಿನ ಕಾರಿನ ಕೆಂಪು ದೀಪವೂ ಕಾಣದಾಯಿತು. ಅವರು ರೇಡಿಯೋ ಆರಿಸಿದರು. ಯಾರೂ ಮಾತಾಡಲಿಲ್ಲ. ವಾಟರ್‌ಟೌನ್ ಬಂದಾಗ ಆಕೆ ಥರ್ಮಾಸ್ ತೆರೆದರು, ನಾನು ಡಬ್ಬಿಯಲ್ಲಿದ್ದ ನಿಂಬೆಹಣ್ಣಿನ ಚಿತ್ರಾನ್ನ ತೆಗೆದೆ. ಕಡಲೆಬೀಜ ಆರಿಸಿ ತಿನ್ನುತ್ತ ಅವರು, ನಲವತ್ತು ವರ್ಷದಿಂದ ಈ ದಾರಿಯಲ್ಲಿ ಹೋಗುತ್ತಿದ್ದೇನೆ, ಅಂಗಡಿ ಸ್ಯಾಂಡ್‌ವಿಚ್ ಅಲ್ಲದ ಊಟ ಇದೇ ಮೊದಲು ಎಂದರು. ಅಲ್ಲಿಂದ 11ನೇ ರಸ್ತೆ. ಹಾಲಿನ ಹಟ್ಟಿಗಳು, ಹಿಮ ಹೊದ್ದ ಹೊಲ, ಒಂದೆರಡು ಕಡೆ ಆಮಿಷ್ ಜನರ ಕುದುರೆಗಾಡಿ.

ಕ್ಯಾಂಟನ್, ಪಾಟ್ಸ್‌ಡ್ಯಾಮ್ ಎರಡೂ ಸಣ್ಣ ಊರುಗಳು, ನಡುವೆ 18 ಕಿಲೋಮೀಟರ್ ಇರಬಹುದು. ಸೇಂಟ್ ಲಾರೆನ್ಸ್, ಕ್ಲಾರ್ಕ್ಸನ್ ಎರಡೂ ಉಳಿದ ಆಟಗಳಲ್ಲಿ ಮೂರನೆಯ ದರ್ಜೆಯಲ್ಲಿ ಆಡುತ್ತವೆ. ಐಸ್ ಹಾಕಿಯಲ್ಲಿ ಮಾತ್ರ ಮೊದಲನೆಯದರಲ್ಲಿ. ಆಟಗಾರರಿಗೆ ಕ್ರೀಡಾ ವಿದ್ಯಾರ್ಥಿವೇತನವನ್ನೂ ಕೊಡುತ್ತವೆ. ಕಾರ್ನೆಲ್ ಐವಿ ಲೀಗ್‌ನದು, ಅಲ್ಲಿ ಆಟಕ್ಕೆಂದು ಕಾಸು ಕೊಡುವ ಪದ್ಧತಿಯಿಲ್ಲ. ಹಾಗಾಗಿ ಆ ಊರಿನವರಿಗೆ ನಮ್ಮನ್ನು ಸೋಲಿಸುವುದೆಂದರೆ ದೊಡ್ಡ ಹೆಸರಿನವರನ್ನು ಇಳಿಸಿದ ಖುಷಿ, ನಮ್ಮವರಿಗೆ ಅವರನ್ನು ಸೋಲಿಸುವುದೆಂದರೆ ಹಣ ಕೊಟ್ಟು ತಂದವರನ್ನು ಗೆದ್ದ ಖುಷಿ.

ಶುಕ್ರವಾರದ ಆ್ಯಪಲ್ಟನ್ ಅರೆನಾ 1951ರದು. ಮರದ ಬೆಂಚುಗಳು, ತಗ್ಗು ಸೂರು, ಕಾಲು ಬಡಿದರೆ ಇಡೀ ಕಟ್ಟಡವೇ ಡೊಳ್ಳು. ಒಂದು ಮೂಲೆಯಲ್ಲಿ ಕೆಂಪು ಜರ್ಸಿ ತೊಟ್ಟ ನಾವು ನೂರು ಜನ ಇರಬಹುದು. ಆಟಕ್ಕೆ ಮೊದಲು ಅವರ ರಾಷ್ಟ್ರಗೀತೆ. ಅದರಲ್ಲಿ 'ರೆಡ್' ಎಂಬ ಪದ ಒಂದು ಸಲ ಬರುತ್ತದೆ. ನಮ್ಮ ತಂಡದ ಹೆಸರು ಬಿಗ್ ರೆಡ್. ಆ ಪದ ಬಂದಾಗ ಕಾರ್ನೆಲ್‌ನವರೆಲ್ಲ ಒಟ್ಟಿಗೆ ಅದನ್ನು ಕೂಗುವುದು ರೂಢಿ. ಲೈನಾದಲ್ಲಿ ಅದು ಗುಡುಗು. ಇಲ್ಲಿ ನೂರೇ ಗಂಟಲು. ನನ್ನದಲ್ಲದ ರಾಷ್ಟ್ರಗೀತೆಗೆ ನೆಟ್ಟಗೆ ನಿಂತು, ಆ ಒಂದು ಪದಕ್ಕಾಗಿ ಕಾದು, ಕೂಗಿದೆ. ಸಾವಿರಾರು ತಲೆಗಳು ನಮ್ಮ ಮೂಲೆಗೆ ತಿರುಗಿದವು. ಲೈನಾದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಒಂದು ಗಂಟಲು ಕಡಿಮೆಯಾದರೆ ಗೊತ್ತಾಗುತ್ತಿತ್ತು. ಊರುಬಿಟ್ಟು ಬಂದು ಮಾಡುವ ಬೆಂಬಲಕ್ಕೂ ಮನೆಯಂಗಳದ ಬೆಂಬಲಕ್ಕೂ ಇರುವ ವ್ಯತ್ಯಾಸ ಇದೇ ಎಂದು ನನಗೆ ಅನ್ನಿಸುತ್ತದೆ.

ಆ ರಾತ್ರಿ ಸೋತೆವು. ಮೂರು ಸಲ 'ಜರಡಿ, ಜರಡಿ' ಎಂದು ನಮ್ಮ ಹುಡುಗನ ಮೇಲೆಯೇ ಕೂಗಿದರು. ಬೈಗುಳ ಅಷ್ಟೇನೂ ಸಭ್ಯವಲ್ಲ ಎಂದು ಆಗ ತಿಳಿಯಿತು. ಮೋಟೆಲ್‌ಗೆ ಬಂದಮೇಲೆ ಆಕೆ ಒಂದು ಸಣ್ಣ ಡೈರಿ ತೆಗೆದರು. ಪ್ರತಿ ಪರವೂರಿನ ಪಂದ್ಯಕ್ಕೂ ಒಂದು ಸಾಲು: ಊರು, ಸ್ಕೋರು, ಹವೆ, ಕಾರಿನಲ್ಲಿ ಯಾರಿದ್ದರು. ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು.

ಶನಿವಾರ ಪಾಟ್ಸ್‌ಡ್ಯಾಮ್. ಊರ ಹೆಸರಿನ ಕೆಂಪು ಮರಳುಗಲ್ಲಿನ ಕಟ್ಟಡಗಳು ಹಿಮದಲ್ಲಿ ಚೆನ್ನಾಗಿ ಕಾಣುತ್ತವೆ. ಕ್ಲಾರ್ಕ್ಸನ್ನಿನ ಚೀಲ್ ಅರೆನಾ 1991ರದು, ಹಸಿರು ಹಳದಿ ಬಣ್ಣದವರ ಕೋಟೆ. ಪಕ್ಕದ ಸಾಲಿನ ಹಸಿರು ಟೋಪಿಯ ಮುದುಕರೊಬ್ಬರು ನಮ್ಮವರನ್ನು ಕಂಡು, 1970 ಎಂದಷ್ಟೇ ಹೇಳಿ ತಲೆಯಾಡಿಸಿದರು. ಆ ವರ್ಷ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಕಾರ್ನೆಲ್ 6-4ರಿಂದ ಕ್ಲಾರ್ಕ್ಸನ್ ತಂಡವನ್ನು ಸೋಲಿಸಿತ್ತು. ಆಡಿದ 29 ಪಂದ್ಯಗಳಲ್ಲಿ 29ನ್ನೂ ಗೆದ್ದ ತಂಡ ಅದು. ಆಮೇಲೆ ನಮ್ಮ ಪುರುಷರ ತಂಡ ಆ ಪ್ರಶಸ್ತಿಯನ್ನು ಕಂಡಿಲ್ಲ. ಕ್ಲಾರ್ಕ್ಸನ್ನಿನ ಪುರುಷರ ತಂಡ ಒಮ್ಮೆಯೂ ಕಂಡಿಲ್ಲ. ಇಬ್ಬರು ಮುದುಕರೂ ಆ ಪಂದ್ಯದ ಗೋಲುಗಳನ್ನು ಒಂದೊಂದಾಗಿ ನೆನೆಯುತ್ತ ಕೂತರು, ಹಳೇ ಜಮೀನು ವ್ಯಾಜ್ಯದ ಎರಡು ಪಕ್ಷಗಳ ಹಾಗೆ.

ಎರಡನೆಯ ರಾತ್ರಿ ಕಾಲುಗಳು ಭಾರ. ಮೂರನೆಯ ಅವಧಿ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ನಮ್ಮವರು ಸಮ ಮಾಡಿದರು. ಆಗಿನ ನಿಯಮದಂತೆ 5 ನಿಮಿಷದ ಹೆಚ್ಚುವರಿ ಆಟ; ಅದರಲ್ಲೂ ಗೋಲಿಲ್ಲದಿದ್ದರೆ ಪಂದ್ಯ ಸಮ, ತಲಾ ಒಂದು ಅಂಕ. ಆ ಐದು ನಿಮಿಷ ನಾನು ಉಸಿರಾಡಿದ ನೆನಪಿಲ್ಲ. ಗಂಟೆ ಬಾರಿಸಿದಾಗ ನಮ್ಮ ಹುಡುಗರು ಸಾಲಾಗಿ ಮೂಲೆಗೆ ಬಂದು ಸ್ಟಿಕ್ ಎತ್ತಿದರು. ನೂರು ಜನ ಅವರಿಗೆ, ಇಪ್ಪತ್ತು ಚಿಲ್ಲರೆ ಹುಡುಗರು ನಮಗೆ. ಅವರ ಬಸ್ಸು ಆ ರಾತ್ರಿಯೇ ಹೊರಟಿತು. ರಾತ್ರಿ ಕಾರು ಓಡಿಸಲು ನಮ್ಮವರಿಗೆ ಕಣ್ಣು ಮಂಜಾಗುತ್ತಿದ್ದುದರಿಂದ ನಾವು ಭಾನುವಾರ ಬೆಳಿಗ್ಗೆ ಹೊರಟೆವು.

ಆ ಸೀಮೆಯಿಂದ ಕೆನಡಾ ಗಡಿಗೆ ಮೂವತ್ತು ಕಿಲೋಮೀಟರ್ ಆಚೀಚೆ. ಅತ್ತ ಹೋಗುವಾಗ ಪಾಸ್‌ಪೋರ್ಟ್, ಐ-20 ಜೊತೆಗಿಟ್ಟುಕೋ ಎಂದು ಹಿರಿಯ ವಿದ್ಯಾರ್ಥಿಗಳು ಮೊದಲೇ ಹೇಳಿದ್ದರು. 11ನೇ ರಸ್ತೆಯಲ್ಲಿ ತಪಾಸಣೆಗೆ ಕಾರು ನಿಲ್ಲಿಸಿದರು. ಮೂವರೂ ಒಂದೇ ಕೆಂಪು ಜರ್ಸಿಯಲ್ಲಿದ್ದೆವು. ಅಧಿಕಾರಿ ಬಗ್ಗಿ ಯಾವ ದೇಶದ ಪ್ರಜೆಗಳು ಎಂದು ಕೇಳಿದ. ಮುಂದಿನ ಇಬ್ಬರು ಅಮೆರಿಕ ಎಂದರು, ಅಷ್ಟು ಸಾಕಾಯಿತು. ನಾನು ಭಾರತ ಎಂದೆ. ಕಾಗದ ಕೊಟ್ಟೆ. ಆತ ಸೌಜನ್ಯದಿಂದಲೇ ಪುಟ ತಿರುವಿದ, ಫೋಟೋ ನೋಡಿದ, ನನ್ನನ್ನು ನೋಡಿದ, ಎರಡು ನಿಮಿಷದಲ್ಲಿ ಬಿಟ್ಟ. ಆಕೆ ಮಾತ್ರ ಆ ಎರಡು ನಿಮಿಷವೂ ಹಿಂದೆ ತಿರುಗಿ, ಕೈ ಚಾಚಿ ನನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು.

ಸ್ವಲ್ಪ ದೂರ ಹೋದಮೇಲೆ ಅವರು ಹಗುರ ಮಾಡಲೆಂದು, ಆ್ಯಪಲ್ಟನ್‌ನಲ್ಲೂ ನಮ್ಮನ್ನೆಲ್ಲ ಹೊರಗಿನವರ ಹಾಗೆ ನೋಡಿದರಲ್ಲ ಎಂದರು. ಅದು ಬೇರೆ, ಅಲ್ಲಿ ಮೂವರನ್ನೂ ನೋಡಿದರು ಎಂದೆ. ಅವರು ತುಂಬ ಹೊತ್ತು ಸುಮ್ಮನಿದ್ದು, ಹೌದು, ಅದು ಬೇರೆ ಎಂದರು. ಆ ಒಪ್ಪಿಗೆ ನನಗೆ ಬೇಕಾಗಿತ್ತು. ಒಂದು ಜರ್ಸಿ ಪಾಸ್‌ಪೋರ್ಟ್ ಆಗುವುದಿಲ್ಲ. ಪಾಸ್‌ಪೋರ್ಟ್ ಇದ್ದವರಿಗೂ ಆ ಹಿಂದಿನ ಸೀಟು ತಾನಾಗಿ ಸಿಗುವುದಿಲ್ಲ, ಅದೂ ನಿಜ. ಮುಂಬೈಯಲ್ಲೋ ಚೆನ್ನೈಯಲ್ಲೋ ಬಾಡಿಗೆ ಮನೆ ಹುಡುಕಿದವರಿಗೆ, 'ಯಾವ ಊರು' ಎಂಬ ಒಂದೇ ಪ್ರಶ್ನೆ ಎಷ್ಟು ದನಿಗಳಲ್ಲಿ ಬರುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಕಿತ್ತಳೆ ಕೊಡುತ್ತ ಕೇಳುವುದು ಒಂದು, ಕಾಗದ ಕೇಳುವುದು ಇನ್ನೊಂದು.

ಓದು ಮುಗಿಸಿ ಪುಣೆಗೆ ಬಂದೆ. 2019-20ರಲ್ಲಿ ನಮ್ಮ ತಂಡ 23 ಗೆದ್ದು, 2 ಸೋತು, 4 ಸಮ ಮಾಡಿಕೊಂಡು ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. 1970 ಮರಳುತ್ತದೆ ಎಂದೇ ಎಲ್ಲರ ಎಣಿಕೆ. 2020ರ ಮಾರ್ಚ್ 12ರಂದು ಕೋವಿಡ್‌ನಿಂದ ರಾಷ್ಟ್ರೀಯ ಪಂದ್ಯಾವಳಿಯೇ ರದ್ದಾಯಿತು. ಮುಂದಿನ ಚಳಿಗಾಲ ಐವಿ ಲೀಗ್‌ನವರು ಆಡಲೇ ಇಲ್ಲ. ಆಕೆ ಇ-ಮೇಲ್ ಬರೆದರು. ಕೈತಪ್ಪಿದ ಪ್ರಶಸ್ತಿಯ ಬಗ್ಗೆ ಅದರಲ್ಲಿ ಒಂದೇ ಸಾಲು. ಉಳಿದದ್ದೆಲ್ಲ ಆ ವರ್ಷದ ಪ್ರವಾಸಗಳು, ಎಲ್ಲಿ ಹಿಮ ಬಿತ್ತು, ಹಿಂದಿನ ಸೀಟಿನಲ್ಲಿ ಯಾರಿದ್ದರು. ಅವರೀಗ ದೂರ ಕಾರು ಓಡಿಸುವುದಿಲ್ಲ. ಯಾರಾದರೂ ವಿದ್ಯಾರ್ಥಿ ಓಡಿಸುತ್ತಾರೆ, ಇವರು ಹಿಂದೆ ಕೂರುತ್ತಾರೆ.

ಅಲ್ಲಿ ಶುಕ್ರವಾರ ಸಂಜೆ ಏಳು ಎಂದರೆ ಚಳಿಗಾಲದಲ್ಲಿ ನಮಗೆ ಶನಿವಾರ ಬೆಳಗಿನ ಜಾವ ಐದೂವರೆ. ತಂಡ ಕ್ಯಾಂಟನ್ನಿಗೆ ಹೋದ ವಾರ ನಾನು ಅಲಾರಂ ಇಟ್ಟು ಎದ್ದು, ಕಾಫಿಗೆ ನೀರಿಟ್ಟು, ಫೋನಿನಲ್ಲಿ ಸ್ಕೋರು ನೋಡುತ್ತ ನಿಲ್ಲುತ್ತೇನೆ. ಮನೆಯವರೆಲ್ಲ ಮಲಗಿರುತ್ತಾರೆ, ಕೂಗುವಂತಿಲ್ಲ. ಗೋಲು ಬಿಟ್ಟರೆ ಮಾತ್ರ ಹೊಟ್ಟೆ ಚೆನ್ನಾಗಿಯೇ ಉರಿಯುತ್ತದೆ.